ತೊಟ್ಟಿಲಿಲ್ಲದ ಬಾಣಂತನ

ಕುದಿಯುವ ಎಸರಿಗೆ ರಾಗಿಹಿಟ್ಟು ಬಿದ್ದಾಗಿತ್ತು. ಪಾತ್ರೆಯನ್ನು ಒಲೆಯಿಂದ ಇಳಿಸಿ, ಬಟ್ಟೆ ಕೊಟ್ಟು ಪಾದಗಳ ನಡುವೆ ಅದುಮಿ ಹಿಡಿದುಕೊಂಡು ಗಂಗರತ್ನಮ್ಮ ಕೋಲು ತಿರುವುತ್ತಿದ್ದಳು. ಒಂದು ಬದಿಯ ಗಂಟೆಲ್ಲ ಒಡೆದು ಕೋಲು ಇನ್ನೊಂದು ಬದಿಗೆ ಹೊರಳಬೇಕು, ಅಷ್ಟರಲ್ಲಿ ಅದು ಬಂತು. ನೋವಲ್ಲ, ತಲೆಸುತ್ತೂ ಅಲ್ಲ. ಯಾರೋ ಹಿಂದಿನಿಂದ ಬಂದು ಮೈಯೊಳಗಿನ ದೀಪದ ಬತ್ತಿಯನ್ನು ಮೆಲ್ಲಗೆ ಇಳಿಸಿದ ಹಾಗೆ. ಕೈ ಕೋಲಿನ ಮೇಲೇ ಇತ್ತು, ಆದರೆ ತನ್ನ ಕೈ ಅನ್ನಿಸಲಿಲ್ಲ. ಕಿಟಕಿಯಾಚೆ ಗೂಡ್ಸ್ ಗಾಡಿಯೊಂದು ಹಾದುಹೋಗುತ್ತಿತ್ತು. ಓಕಳಿಪುರದ ಆ ಮನೆಯ ಗೋಡೆ ಗಾಡಿ ಬಂದಾಗೆಲ್ಲ ಸಣ್ಣಗೆ ಗುನುಗುತ್ತದೆ. ಒಂದೊಂದು ಡಬ್ಬಿ ದಾಟಿದಂತೆ ಅವಳು ಮೊಳ ಮೊಳವಾಗಿ ನೀರಿನೊಳಗೆ ಇಳಿಯುತ್ತಿದ್ದಳು. ಮೇಲೆಲ್ಲೋ ಬೆಳಕು, ಕಾಲಡಿ ತಂಪು, ಕಿವಿಯಲ್ಲಿ ಜುಂಯ್ ಎನ್ನುವ ಸದ್ದು.

ಮುದ್ದೆ ತಿರುವುವವರು ನಡುವೆ ನಿಲ್ಲುವಂತಿಲ್ಲ. ನಿಂತರೆ ಹಿಟ್ಟು ಹಟ ಹಿಡಿಯುತ್ತದೆ.

"ಯಾಕೆ ನಿಲ್ಲಿಸ್ದೆ?" ಬಾಗಿಲಲ್ಲಿ ಅತ್ತೆ ನರಸಮ್ಮ ನಿಂತಿದ್ದಳು.

"ಒಂದ್ನಿಮಿಷ ಅತ್ತೆ."

"ಹಿಟ್ಟು ನಿಮಿಷ ಕಾಯ್ತದಾ?" ಎನ್ನುತ್ತಾ ಬಂದು ಕೋಲು ಕಿತ್ತುಕೊಂಡಳು. ಎಪ್ಪತ್ತು ಸಮೀಪಿಸಿದ ಆ ಕೈ ಗರಗರನೆ ತಿರುಗಿತು. "ಹೋಗು ತಾಯಿ, ಮಲಕ್ಕೋ. ತಪ್ಪು ನಂದೇ. ನೆನ್ನೆ ಗಂಗೆಪೂಜೆ ಮಾಡಿ ಇವತ್ತೇ ಕೋಲು ಕೊಟ್ಟೆ. ಅವಸರ ಆಯ್ತು."

ಆ ಮಾತಿನಲ್ಲಿ ಪಶ್ಚಾತ್ತಾಪವಿತ್ತು. ಅದರ ಅಡಿಯಲ್ಲಿ ಒಂದು ಸಣ್ಣ ಸಂತೋಷವೂ ಇತ್ತು. ಗಂಗರತ್ನಮ್ಮನಿಗೆ ಎರಡೂ ಕೇಳಿಸಿದವು. ಗೋಡೆ ಹಿಡಿದುಕೊಂಡು ಅವಳು ಮತ್ತೆ ಆ ಕತ್ತಲೆ ಕೋಣೆಗೆ ಹೋಗಿ ಮಲಗಿದಳು.

ಗರ್ಭಕೋಶದ ಬಾಯಲ್ಲಿ ಗಡ್ಡೆ ಇದೆ ಎಂದು ತಿಳಿದದ್ದು ಹೋದ ವರ್ಷದ ಕಡೆಯಲ್ಲಿ. ದೊಡ್ಡಾಸ್ಪತ್ರೆಯಲ್ಲಿ ವಾರಗಟ್ಟಲೆ ಕರೆಂಟು, ಅಂದರೆ ವಿಕಿರಣ, ಇಟ್ಟರು. ಯಂತ್ರದ ಕೆಳಗೆ ಒಬ್ಬಳೇ ಅಲ್ಲಾಡದೆ ಮಲಗಬೇಕಿತ್ತು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಹೋಗುತ್ತಿದ್ದರು. ಕೊನೆಗೆ ಡಾಕ್ಟರು, "ಗಡ್ಡೆ ಕರಗಿದೆ, ನೀವು ಗೆದ್ರಿ," ಎಂದಾಗ ಗಂಡ ಚಲುವರಾಜು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ದ. ಅವನು ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಕೆಲಸಕ್ಕಿದ್ದವನು, ಮಿತಭಾಷಿ. ಅವನು ಅತ್ತದ್ದನ್ನು ಅವಳು ಅವತ್ತೇ ಮೊದಲು ನೋಡಿದ್ದು.

ಗೆದ್ದವಳನ್ನು ಮನೆಗೆ ಕರೆತಂದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನರಸಮ್ಮನಿಗೆ ಮಾತ್ರ ಗೊತ್ತಿತ್ತು.

ಆ ಬೀದಿಯಲ್ಲಿ ನರಸಮ್ಮನ ಕೈಯಲ್ಲಿ ನೀರು ಹುಯ್ಯಿಸಿಕೊಳ್ಳದ ಬಾಣಂತಿಯಿಲ್ಲ. ಹೆರಿಗೆಯಾದ ಮನೆಯವರು ಮೊದಲು ಹುಡುಕುತ್ತಿದ್ದುದು ಅವಳನ್ನೇ. ಹಂಡೆ ನೀರು, ಹರಳೆಣ್ಣೆ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು ಎಲ್ಲಕ್ಕೂ ಅವಳದೇ ಒಂದು ಹದ. ಎಷ್ಟೋ ಸೊಂಟಗಳನ್ನು ಗಟ್ಟಿ ಮಾಡಿ ಕಳಿಸಿದ ಆ ಕೈಗೆ ಸ್ವಂತ ಸೊಸೆಯ ಬಾಣಂತನ ಮಾತ್ರ ಸಿಕ್ಕಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷವಾದರೂ ಗಂಗರತ್ನಮ್ಮನಿಗೆ ಮಕ್ಕಳಾಗಲಿಲ್ಲ. ನರಸಮ್ಮ ಒಂದು ದಿನವೂ ಆಡಿ ತೋರಿಸಿದವಳಲ್ಲ. ಆದರೆ ಅಟ್ಟದ ಮೇಲೆ, ಹಳೆ ಸೀರೆ ಹರಿದು ಮಡಿಸಿಟ್ಟ ಮೆತ್ತನೆಯ ಬಟ್ಟೆಗಳ ಗಂಟೊಂದು ಇತ್ತು. ಪ್ರತಿ ವರ್ಷ ಬಿಸಿಲಿಗೆ ಹಾಕಿ ಮತ್ತೆ ಕಟ್ಟಿಡುತ್ತಿದ್ದಳು.

ಆಸ್ಪತ್ರೆಯಿಂದ ಬಂದ ದಿನ ಆ ಗಂಟು ಕೆಳಗಿಳಿಯಿತು.

ಕಿವಿಗೆ ಬಟ್ಟೆ ಬಿಗಿದು, ಸೊಂಟಕ್ಕೆ ಸೀರೆ ಸುತ್ತಿ, ಕೋಣೆಯ ಕಿಟಕಿಗೆ ಗೋಣಿ ಕಟ್ಟಿ, ನರಸಮ್ಮ ಸೊಸೆಯನ್ನು ಮಲಗಿಸಿದಳು. ಕರೆಂಟು ಇಟ್ಟ ಜಾಗಕ್ಕೆ ಬಿಸಿನೀರು ತಾಕಿಸಬೇಡಿ ಎಂದು ನರ್ಸು ಹೇಳಿದ್ದರಿಂದ ಅಷ್ಟನ್ನು ಬಿಟ್ಟು ಉಳಿದ ಮೈಗೆಲ್ಲ ಎಣ್ಣೆ ನೀವಿ ನೀರು ಹುಯ್ದಳು. ಬೆಳ್ಳುಳ್ಳಿ ಸುಟ್ಟು ಕೊಟ್ಟಳು. ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದಳು.

"ಅತ್ತೆ, ಸಬ್ಬಸಿಗೆ ಹಾಲು ಬರ್ಲಿ ಅಂತಲ್ವಾ ಕೊಡೋದು?" ಎಂದು ಗಂಗರತ್ನಮ್ಮ ಒಮ್ಮೆ ಕೇಳಿದ್ದಳು.

"ಬಾಯ್ಮುಚ್ಕೊಂಡ್ ತಿನ್ನು. ಸೊಪ್ಪಿಗೇನು, ಕೇಳ್ಕೊಂಡು ಹೋಗತ್ತಾ ಯಾರ್ ಹೊಟ್ಟೆಗೆ ಬಿದ್ದೆ ಅಂತ?"

ಮೊದಮೊದಲು ಅದೊಂದು ಸುಖವಾದ ಮಂಪರು. ಹೊಗೆ ತುಂಬಿದ ಕತ್ತಲೆಯಲ್ಲಿ ಹಗಲು ಯಾವುದು ಸಂಜೆ ಯಾವುದು ಎಂದು ರೈಲಿನ ಸದ್ದಿನಿಂದ ತಿಳಿಯಬೇಕಿತ್ತು. ಗೋಡೆಯ ಮೇಲಿನ ಬುದ್ಧನ ಪಟದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು, ಅದೂ ಅರ್ಧ ಮುಚ್ಚಿದ್ದು. ಆ ಅರೆನಿದ್ದೆಯಲ್ಲಿ ಅವಳಿಗೆ ದನಿಗಳು ಕೇಳಿಸುತ್ತಿದ್ದವು. "ಹಲೋ ಹಾಸನ, ಹಾಸನ, ಮಾತಾಡಿ." "ಶಿವಮೊಗ್ಗ, ಲೈನ್ ಬಿಟ್ಟುಕೊಡಿ." ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ಕಿವಿಗೆ ಹೆಡ್‌ಫೋನ್ ಹಾಕಿ, ಬೋರ್ಡಿನ ಮುಂದೆ ಕೂತು, ಒಂದು ಊರಿನ ದಾರವನ್ನು ಇನ್ನೊಂದು ಊರಿನ ತೂತಿಗೆ ಚುಚ್ಚುವುದು ಕೆಲಸ. ಹಾಸನದ ಆಪರೇಟರನ್ನು ಅವಳು ಕಂಡವಳೇ ಅಲ್ಲ, ಆದರೆ ಆಕೆಯ ಕೆಮ್ಮು ಕೇಳಿದರೆ ಅಲ್ಲಿ ಈ ಸಲ ಚಳಿ ಜಾಸ್ತಿ ಎಂದು ತಿಳಿಯುತ್ತಿತ್ತು. ತಂತಿಯ ಆ ತುದಿಯಲ್ಲಿ ಯಾರೋ "ಅಮ್ಮಾ" ಅನ್ನುವುದು, ಈ ತುದಿಯಲ್ಲಿ ಒಂದು ಉಸಿರು ಸಿಕ್ಕಿಕೊಳ್ಳುವುದು, ಅಷ್ಟು ಕೇಳಿಸಿಕೊಂಡು ತಾನು ಸದ್ದಿಲ್ಲದೆ ಹಿಂದೆ ಸರಿಯುವುದು. ಬದುಕಿನಲ್ಲಿ ತನಗೆ ಇಷ್ಟು ಇಷ್ಟವಾದದ್ದು ಬೇರೆ ಇಲ್ಲ ಎಂದು ಆ ಕತ್ತಲೆಯಲ್ಲಿ ಮಲಗಿದಾಗಲೇ ಅವಳಿಗೆ ಹೊಳೆದದ್ದು.

ಮಂಪರು ಕ್ರಮೇಣ ಭಾರವಾಯಿತು. ಮಲಗಿದಷ್ಟೂ ಕಾಲು ತೆಳುವಾದವು. ಎದ್ದು ಹಿತ್ತಲಿಗೆ ಹೋಗಿಬಂದರೆ ಎದೆ ಹೊಡೆದುಕೊಳ್ಳುವಂತಾಯಿತು. ಆಗಲೇ ನರಸಮ್ಮನಿಗೂ ಒಂದು ಇಕ್ಕಟ್ಟು ಬಂದದ್ದು. ಹೆತ್ತವಳ ಬಾಣಂತನಕ್ಕೆ ಒಂದು ಕೊನೆಯಿದೆ. ಮಗು ಬೆಳೆಯುತ್ತದೆ, ತೊಟ್ಟಿಲಿಗೆ ಹಾಕುತ್ತಾರೆ, ಹೆಸರಿಡುತ್ತಾರೆ, ಆಮೇಲೊಂದು ದಿನ ಬಾಣಂತಿ ಹೋಗಿ ಗಂಗೆಪೂಜೆ ಮಾಡಿ ಒಂದು ಬಿಂದಿಗೆ ನೀರು ಹೊತ್ತು ತರುತ್ತಾಳೆ. ಅಲ್ಲಿಗೆ ಮುಗಿಯಿತು, ಮಾರನೆಯ ದಿನದಿಂದ ಅವಳು ಮನೆಯ ಎಲ್ಲ ಕೆಲಸಕ್ಕೂ ಆಳು. ತೊಟ್ಟಿಲೇ ಇಲ್ಲದ ಬಾಣಂತನ ಎಲ್ಲಿಗೆ ಮುಗಿಯಬೇಕು?

ಬೀದಿ ನಲ್ಲಿಯ ಹತ್ತಿರ ಎದುರುಮನೆ ಅಂಜಮ್ಮ ಅದನ್ನೇ ಕೇಳಿದಳು. "ಏನ್ ನರಸಮ್ಮಕ್ಕ, ಯುಗಾದಿ ಕಳೀತು, ಗೌರಿ ಹಬ್ಬ ಬಂತು. ಇನ್ನೂ ಸೊಸೇನ ಮಲಗ್ಸೇ ಇದೀಯಂತೆ. ನಂಗೂ ಒಂದ್ ಮಂಚ ಹಾಕ್ಕೊಡು, ಸೊಂಟ ನೋವು."

"ನಿನ್ನ ಮಲಗ್ಸುದ್ರೆ ಬೀದೀಲಿ ಜಗಳ ಆಡೋರು ಯಾರೇ?" ಎಂದು ನರಸಮ್ಮ ಅಲ್ಲೇನೋ ಬಾಯಿ ಮುಚ್ಚಿಸಿದ್ದಳು. ಆದರೆ ಮಾತು ನಾಟಿತ್ತು. ಆ ವಾರವೇ ಬೀದಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಬೆಲ್ಲ ಇಟ್ಟು, ಗಂಗರತ್ನಮ್ಮನ ಕೈಯಿಂದ ಪೂಜೆ ಮಾಡಿಸಿದಳು. ನಾಲ್ಕು ಜನ ಹೆಂಗಸರು ನಿಂತು ನೋಡಿದರು. ಯಾರೂ ನಗಲಿಲ್ಲ. ಸಣ್ಣ ಬಿಂದಿಗೆಯನ್ನು ಸೊಸೆಯ ಸೊಂಟಕ್ಕೆ ಕೂರಿಸುವಾಗ ನರಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಅಂಜಮ್ಮ ಕೂಡ ಕಂಡೂ ಕಾಣದಂತೆ ತಿರುಗಿಕೊಂಡಳು.

ಅದರ ಮಾರನೆಯ ದಿನವೇ ಕೋಲು ಕೈಯಲ್ಲಿ ನಿಂತುಹೋದದ್ದು.

ಆಮೇಲಿನ ದಿನಗಳೆಲ್ಲ ಒಂದೇ ಬಗೆ. ಸ್ವಲ್ಪ ಹುಷಾರೆನಿಸಿದ ಬೆಳಿಗ್ಗೆ ಗಂಗರತ್ನಮ್ಮ ಎದ್ದು, ತಾನು ಗುಣವಾದೆ ಎಂದು ತೋರಿಸಲು ಪಾತ್ರೆ ಉಜ್ಜಿ, ಮನೆ ಸಾರಿಸಿ, ಬಟ್ಟೆಗೂ ಕೈಹಾಕುವಳು. ಮಧ್ಯಾಹ್ನಕ್ಕೆ ಕುಸಿಯುವಳು. ಮತ್ತೆ ಕಿವಿಗೆ ಬಟ್ಟೆ, ಮತ್ತೆ ಹೊಗೆ, ದಿನಗಟ್ಟಲೆ ಕತ್ತಲೆ. ಆ ಮನೆಯಲ್ಲಿ ಹೆಂಗಸಿಗೆ ಎರಡೇ ಸ್ಥಿತಿ ಇದ್ದವು, ಒಂದೋ ಪೂರ್ತಿ ಮಲಗಬೇಕು, ಇಲ್ಲವೋ ಪೂರ್ತಿ ಏಳಬೇಕು.

"ಮುಂದಿನ ಸೋಮವಾರಕ್ಕೆ ನಿನ್ನ ರಜ ಮುಗೀತದೆ," ಎಂದ ಚಲುವರಾಜು ಒಂದು ದಿನ, ಚಪ್ಪಲಿ ಬಿಡುತ್ತಾ. "ಇನ್ನು ರಜ ಇಲ್ಲ ಅಂತಾರೆ. ಕೆಲಸ ಬಿಟ್ಬಿಡು ರತ್ನ. ನೀನು ಉಳ್ಕೊಂಡ್ಯಲ್ಲ, ಅಷ್ಟು ಸಾಕು ನಂಗೆ. ಒಂದು ಮುದ್ದೆ ತಿರುವಕ್ಕಾಗದೋಳು ಅಷ್ಟೊತ್ತು ಬೋರ್ಡ್ ಮುಂದೆ ಹೆಂಗೆ ಕೂರ್ತೀಯ?"

ಪ್ರೀತಿಯಿಂದಲೇ ಹೇಳಿದ್ದ. ಅವಳು ಉಳಿದುಕೊಂಡದ್ದು ನಿಜ. ಏನಕ್ಕೆ ಎಂದು ಕೇಳಿದರೆ ಕೃತಘ್ನತೆಯಾಗುತ್ತಿತ್ತು.

ಆ ವಾರ ಆಸ್ಪತ್ರೆಗೆ ತೋರಿಸಿಕೊಂಡು ಬರುವ ಸರದಿ ಇತ್ತು. ಚಲುವರಾಜು ಅವಳನ್ನು ಒಳಗೆ ಬಿಟ್ಟು ಡ್ಯೂಟಿಗೆ ಹೋದ. ಡಾಕ್ಟರು ನೋಡಿ, "ಎಲ್ಲಾ ಚೆನ್ನಾಗಿದೆ. ಸುಸ್ತು ಕೆಲವರಿಗೆ ತುಂಬಾ ದಿನ ಇರುತ್ತೆ, ಹೆದರ್ಬೇಡಿ," ಎಂದು ಮುಂದಿನವರನ್ನು ಕರೆದರು.

ಹೊರಗಿನ ಉದ್ದನೆಯ ಹಜಾರದಲ್ಲಿ ಅವಳ ಮುಂದೆ ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಳು. ಇಳಕಲ್ ಸೀರೆ, ಮುಡಿಯಲ್ಲಿ ಒಂದೆಳೆ ಮಲ್ಲಿಗೆ. ಆರಾಮವಾಗಿ ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಪಕ್ಕದ ಬೆಂಚಿನ ಮೇಲೆ ಕೂತಳು. ಗಂಗರತ್ನಮ್ಮ ಗಾಬರಿಯಿಂದ ಹತ್ತಿರ ಹೋದಳು.

"ಸುಸ್ತಾಯ್ತಾಮ್ಮ? ನೀರು ಬೇಕಾ?"

"ಇಲ್ಲಪ್ಪ, ಆಗಿಲ್ಲ. ಅದಕ್ಕೇ ಕೂತಿದ್ದು." ಹೆಂಗಸು ನಕ್ಕು ಜಾಗ ಕೊಟ್ಟಳು. "ನೀವೂ ಕೂತ್ಕೊಳಿ. ನಿಮಗೆ ಆಗಿದೆ, ಮುಖ ನೋಡಿದ್ರೆ ಗೊತ್ತಾಗುತ್ತೆ."

ಅವಳ ಹೆಸರು ತ್ರಿಪುರಸುಂದರಿ, ಮಲ್ಲೇಶ್ವರದವಳು, ಮನೆಯಲ್ಲಿ ಹುಡುಗಿಯರಿಗೆ ವೀಣೆ ಪಾಠ ಹೇಳುವವಳು. ಎರಡು ವರ್ಷದ ಹಿಂದೆ ಒಂದು ಮೊಲೆ ತೆಗೆದಿದ್ದರು. ಅದನ್ನು ಅವಳು ಹಲ್ಲು ಕೀಳಿಸಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು.

"ಮೊದಲ ವರ್ಷ ನಾನೂ ಪೆದ್ದಿ ಥರ ಆಡಿದೆ," ಎಂದಳು. "ಮೈ ಚೆನ್ನಾಗಿದ್ದ ದಿನ ಹಬ್ಬದ ಕೆಲಸ, ಮಾರನೇ ದಿನದಿಂದ ಹಾಸಿಗೆ. ಇಲ್ಲಿ ಒಬ್ರು ನರ್ಸ್ ಇದ್ರು, ಅವರು ಹೇಳಿಕೊಟ್ಟಿದ್ದು. ಸುಸ್ತಾದ್ಮೇಲೆ ಕೂತ್ರೆ ಏನೂ ಉಪಯೋಗ ಇಲ್ಲ, ಆಗೋಕ್ಕೆ ಮುಂಚೆ ಕೂತ್ಕೋಬೇಕು ಅಂತ. ದಿನಾ ಬೀದಿ ಕೊನೇವರೆಗೆ ನಡೀಬೇಕು, ಅದಕ್ಕಿಂತ ಹೆಚ್ಚು ಬೇಡ, ಆದ್ರೆ ತಪ್ಪಿಸ್ಬಾರ್ದು. ಮಲಗಿದಷ್ಟೂ ಮೈ ಇನ್ನೂ ಮಲಗೋಣ ಅನ್ನುತ್ತೆ."

"ಮನೆ ಕೆಲಸ?"

"ಅದೇ ಕಷ್ಟ. ದಿನದಲ್ಲಿ ಒಂದು ಒಳ್ಳೇ ಹೊತ್ತು ಇರುತ್ತೆ ನೋಡಿ, ನನಗೆ ಬೆಳಿಗ್ಗೆ. ಅದನ್ನ ಪಾಠಕ್ಕೆ ಇಟ್ಕೊಂಡೆ. ಅಡುಗೆ ಯಜಮಾನರಿಗೆ ಬಿಟ್ಟೆ. ಅವರ ಸಾರು, ಏನು ಹೇಳ್ಲಿ, ಕೈ ತೊಳ್ಕೊಳ್ಳೋಕ್ಕೆ ಇಟ್ಟಿದ್ದಾ ತಿನ್ನೋಕ್ಕೆ ಇಟ್ಟಿದ್ದಾ ಗೊತ್ತಾಗಲ್ಲ. ತಿಂತೀನಿ." ಆಮೇಲೆ ಗಂಗರತ್ನಮ್ಮನ ಕಡೆ ತಿರುಗಿ ಕೇಳಿದಳು, "ನಿಮ್ಮ ಒಳ್ಳೇ ಹೊತ್ತು ಯಾವುದು? ಅದನ್ನ ಏನಕ್ಕೆ ಖರ್ಚು ಮಾಡ್ತಿದೀರಿ?"

ಗಂಗರತ್ನಮ್ಮನಿಗೂ ಬೆಳಿಗ್ಗೆಯೇ. ಅದು ಪಾತ್ರೆಗೆ, ನೆಲಕ್ಕೆ, ಹಿಟ್ಟಿನ ಕೋಲಿಗೆ ಹೋಗುತ್ತಿತ್ತು. ತಾನು ಗುಣವಾಗಿದ್ದೇನೆಂದು ತೋರಿಸುವುದಕ್ಕೆ ಹೋಗುತ್ತಿತ್ತು. ಅವಳು ಸೆರಗಿನ ಅಂಚು ನೀವಿಕೊಂಡಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವಾಗ ಅವಳಿಗೆ ತನ್ನ ಬೋರ್ಡು ನೆನಪಾಯಿತು. ಬೆಂಗಳೂರಿನ ಅರ್ಧ ಜನ ಒಮ್ಮೆಗೇ ಕಾಲ್ ಬುಕ್ ಮಾಡಿದರೂ ಹಾಸನಕ್ಕೆ ಇರುವ ಲೈನು ಕೆಲವೇ. ಎಲ್ಲರಿಗೂ ಕೊಡುತ್ತೇನೆಂದು ಯಾವ ಆಪರೇಟರೂ ಹೊರಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಟ್ಟ ಲೈಟ್ನಿಂಗ್ ಕಾಲು ಮೊದಲು, ಅರ್ಜೆಂಟು ಆಮೇಲೆ, ಆರ್ಡಿನರಿಯವರು ಕಾಯಬೇಕು. ಅವರು ಬೈಯುತ್ತಾರೆ, ಅಳುತ್ತಾರೆ, ತಾನು ಇಂಥ ಆಫೀಸರು ಅನ್ನುತ್ತಾರೆ. "ಲೈನ್ ಬಿಜಿ ಇದೆ ಸಾರ್, ಕಾಯ್ತಾ ಇರಿ," ಎಂದು ಮೆತ್ತಗೆ ಹೇಳಿ ಮುಂದಿನ ದಾರ ಎತ್ತಿಕೊಳ್ಳಬೇಕು. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ಮನೆಯ ಪಾತ್ರೆಗಳಿಗೆ ಹೇಳಲು ತನಗೇಕೆ ಬಾಯಿ ಬರಲಿಲ್ಲ ಎಂದುಕೊಂಡು ಅವಳಿಗೆ ನಗು ಬಂತು. ಮುಂದಿನ ಸೀಟಿನವನು ತಿರುಗಿ ನೋಡಿದ.

ಮಾರನೆಯ ದಿನದಿಂದ ಅವಳು ಸದ್ದಿಲ್ಲದೆ ಬೋರ್ಡು ಕಟ್ಟಿಕೊಂಡಳು. ಎದ್ದ ಕೂಡಲೇ ಕಿಟಕಿಯ ಗೋಣಿ ಬಿಚ್ಚಿ ಬೀದಿ ಕೊನೆಯ ಬೇವಿನ ಮರದವರೆಗೆ ಹೋಗಿಬಂದಳು. ಮೊದಲ ದಿನ ಮರ ಹಿಮ್ಮೆಟ್ಟುತ್ತಾ ಹೋಗುತ್ತಿದೆ ಅನ್ನಿಸಿತು. ಬರುವಾಗ ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಕೂತಳು, ಸುಸ್ತಾಗುವ ಮೊದಲೇ. ತರಕಾರಿಯನ್ನು ಕೂತು ಹೆಚ್ಚಿದಳು, ಅರ್ಧ ಹೆಚ್ಚಿ ಬಿಟ್ಟಳು. ಬಟ್ಟೆಗೆ ಕಾಯಲು ಹೇಳಿದಳು. ದೀಪ ಇಳಿಯುವುದು ನಿಲ್ಲಲಿಲ್ಲ, ಆದರೆ ಇಳಿಯುವ ಮುಂಚೆ ಒಂದು ಸೂಚನೆ ಬರುತ್ತದೆಂದು ಗೊತ್ತಾಯಿತು. ಕಿವಿಯ ಹಿಂದೆ ಒಂದು ತೆಳುವಾದ ಹಿಮ, ಬೆರಳ ತುದಿಗಳು ದೂರ ಹೋದಂತೆ. ಆಗ ಕೂತುಬಿಟ್ಟರೆ ನೀರು ಮೊಣಕಾಲಿನವರೆಗೆ ಮಾತ್ರ ಬಂದು ಹಿಂದೆ ಸರಿಯುತ್ತಿತ್ತು.

ನರಸಮ್ಮ ನೋಡುತ್ತಿದ್ದಳು. "ಇದೇನಿದು, ಅರ್ಧ ಬೀನ್ಸ್ ಹೆಚ್ಚಿ ಧ್ಯಾನಕ್ಕೆ ಕೂತಿದೀಯ," ಎಂದಳು ಒಮ್ಮೆ. ಇನ್ನೊಮ್ಮೆ, "ಗೋಣಿ ಯಾಕೆ ಬಿಚ್ಚಿದೆ? ಶೀತ ಆಗತ್ತೆ. ನನ್ನ ಕೈ ಸಾಕಾಯ್ತಾ ನಿಂಗೆ?" ಎಂದಳು. ಆ ಕಡೆಯ ಪ್ರಶ್ನೆಯನ್ನು ಕೇಳುವಾಗ ಅವಳು ಮುಖ ತಿರುಗಿಸಿ ಒಲೆಯ ಕಡೆ ನೋಡುತ್ತಿದ್ದಳು. ಗಂಗರತ್ನಮ್ಮನಿಗೆ ಆ ತಿರುಗಿದ ಮುಖ ಅರ್ಥವಾಯಿತು. ಅತ್ತೆಗೆ ಬದುಕಿನಲ್ಲಿ ಸಿಕ್ಕ ಸ್ವಂತದ ಬಾಣಂತಿ ತಾನೊಬ್ಬಳೇ. ತಾನು ಎದ್ದು ಹೊರಟರೆ ಆ ಮುದುಕಿಯ ಕೈ ಬರಿದಾಗುತ್ತದೆ. ಮಲಗಿದ್ದರೆ ಬೋರ್ಡಿನ ಮುಂದಿನ ತನ್ನ ಕುರ್ಚಿ ಬೇರೆಯವರದಾಗುತ್ತದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಲುವರಾಜು ಎಲೆಯಡಿಕೆ ಹಾಕಿಕೊಳ್ಳುತ್ತಾ ಹೊಸ್ತಿಲ ಹತ್ತಿರ ಕೂತಿದ್ದ. ನರಸಮ್ಮ ಸೌಟಿನಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ ತಂದು, ಗೋಡೆಗೆ ಒರಗಿ, ಸೊಸೆಯನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚುತ್ತಿದ್ದಳು.

"ನಾಳೆ ನಾನೇ ಹೋಗಿ ಸೂಪರ್‌ವೈಸರಿಗೆ ಹೇಳ್ಬಿಡ್ಲಾ?" ಎಂದ ಅವನು. "ಆಗಲ್ಲ ಅಂತ. ಅದೇನು ಬರಕೊಡಬೇಕೋ ಕೇಳ್ಕೊಂಡ್ ಬರ್ತೀನಿ."

"ನಾನೇ ಹೋಗ್ತೀನಿ ಬಿಡಿ."

"ಅಷ್ಟು ದೂರ?"

"ಬಸ್ಸಲ್ಲಿ ಕೂತೇ ಹೋಗೋದು ತಾನೆ."

"ಹೋಗ್ಲಿ ಬಿಡೋ," ಎಂದಳು ನರಸಮ್ಮ, ಎಣ್ಣೆ ಅಂಗೈಗೆ ಹುಯ್ದುಕೊಳ್ಳುತ್ತಾ. "ಅಷ್ಟು ವರ್ಷ ಕೂತ ಜಾಗ. ಹೋಗ್ಬುಟ್ಟು ಬರ್ತೀನಿ ಅಂತ ತನ್ನ ಬಾಯಲ್ಲೇ ಹೇಳ್ಬರ್ಲಿ. ಬೆಳಿಗ್ಗೆ ಕೆಲಸ ಏನೂ ಮುಟ್ಟಬೇಡ ಕಣಮ್ಮಿ, ನಾನ್ ನೋಡ್ಕೊತೀನಿ."

"ಮುಟ್ಟಲ್ಲ ಅತ್ತೆ."

ಚಲುವರಾಜು ಸಮಾಧಾನದಿಂದ ಸುಣ್ಣದ ಡಬ್ಬಿ ಮುಚ್ಚಿದ. ಕೆಲಸ ಬಿಡಲು ಹೊರಟಿದ್ದಾಳೆ ಎಂದು ಅವರಿಬ್ಬರೂ ಅಂದುಕೊಂಡದ್ದನ್ನು ಅವಳು ತಿದ್ದಲಿಲ್ಲ.

ಬಿಸಿ ಎಣ್ಣೆ ನೆತ್ತಿಗೆ ಬಿದ್ದು ಕೂದಲ ಬುಡಗಳ ನಡುವೆ ಹರಿಯಿತು. ಗಂಗರತ್ನಮ್ಮ ಕಣ್ಣು ಮುಚ್ಚಿದಳು. ಸೂಪರ್‌ವೈಸರ್ ಮೇಡಂ ಹತ್ತಿರ ಬೆಳಗಿನ ಪಾಳಿ ಕೇಳುವುದು, ಪೂರ್ತಿ ಕೊಡದಿದ್ದರೆ ಅರ್ಧ, ಅರ್ಧಕ್ಕೂ ಒಪ್ಪದಿದ್ದರೆ ಮೂಲೆಯ ಸಣ್ಣ ಬೋರ್ಡು. ನಡುನಡುವೆ ಹೆಡ್‌ಫೋನ್ ತೆಗೆದು ಕೂರಬೇಕಾಗುತ್ತದೆ ಎಂದು ಮೊದಲೇ ಹೇಳಿಬಿಡುವುದು. ಮನೆಯಲ್ಲಿ ಬೆಳಗಿನ ಕೆಲಸಕ್ಕೆ ಇನ್ನು ಅವಳು ಸಿಗುವುದಿಲ್ಲ, ಈ ವರ್ಷವೂ ಇಲ್ಲ, ಬಹುಶಃ ಮುಂದೂ ಇಲ್ಲ. ಆಫೀಸಿಗೆ ಆಗುತ್ತೆ, ಹಿಟ್ಟು ತಿರುವೋಕ್ಕೆ ಆಗಲ್ವಾ ಎಂದು ಅಂಜಮ್ಮ ನಲ್ಲಿಯ ಹತ್ತಿರ ಅನ್ನುತ್ತಾಳೆ. ಅನ್ನಲಿ. ಗಂಡ ಎರಡು ದಿನ ಮಾತು ಬಿಡುತ್ತಾನೆ, ಮೂರನೆಯ ದಿನ ತಾನೇ ಬಸ್ ಸ್ಟಾಪಿಗೆ ಬರುತ್ತಾನೆ.

ಮಧ್ಯಾಹ್ನ ಮನೆಗೆ ಬಂದು ಮಲಗುವುದು. ಆಗ ಅತ್ತೆ ಎಣ್ಣೆ ತರಲಿ, ಮೆಣಸಿನ ಸಾರು ತರಲಿ, ಕಿವಿಗೆ ಬಟ್ಟೆ ಕಟ್ಟಲಿ. ಬೇಡ ಅನ್ನುವುದಿಲ್ಲ. ಬೆಳಗೆಲ್ಲ ದನಿ ಕೇಳಿ ದಣಿದ ಕಿವಿಗೆ ಆ ಬಟ್ಟೆ ಬೇಕಾಗಿಯೇ ಇರುತ್ತದೆ. ಮುಗಿಯದ ಬಾಣಂತನ ಮುಗಿಯದೆಯೇ ಇರಲಿ, ಸಂಜೆಗಳು ಅತ್ತೆಯವು.

"ಏನ್ ಯೋಚ್ನೆ ಮಾಡ್ತಿದೀಯ?" ಎಂದು ನರಸಮ್ಮ ಕೇಳಿದಳು.

"ಏನಿಲ್ಲ ಅತ್ತೆ."

"ಹಂಗಾದ್ರೆ ಕತ್ತು ಸಡಿಲ ಬಿಡು. ಕಟ್ಟಿಗೆ ಥರ ಹಿಡ್ಕೊಂಡಿದೀಯ."

ಅವಳು ಕತ್ತು ಸಡಿಲ ಬಿಟ್ಟಳು.